ಭಾವನ ಗಂಟಲು, ಸಿಸ್ಟರಮ್ಮನ ಮಹಡಿ

ಅಕ್ಕ ಫೋನು ಮಾಡಿ "ಗಾಡಿ ಖಾಲಿ ಇದೆಯೇನೋ?" ಅಂದರೆ ಸಾಕು, ನನ್ನ ಸೊಂಟ ತಾನಾಗಿಯೇ ಹಿಡಿದುಕೊಳ್ಳುತ್ತದೆ. ನನ್ನದು ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿ. ಊರವರ ಸಾಮಾನನ್ನೆಲ್ಲ ಬಾಡಿಗೆಗೆ ಸಾಗಿಸುತ್ತೇನೆ, ಅಕ್ಕನದನ್ನು ಮಾತ್ರ ಬಿಟ್ಟಿ. ಮದುವೆಯಾದಾಗಿನಿಂದ ಅವಳು ಅದೆಷ್ಟು ಮನೆ ಬದಲಿಸಿದ್ದಾಳೆಂದರೆ, ಅವಳ ಕಬ್ಬಿಣದ ಬೀರುವನ್ನು ಯಾವ ಬಾಗಿಲಲ್ಲಿ ಎಷ್ಟು ಓರೆ ಮಾಡಿದರೆ ಒಳಗೆ ನುಸುಳುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಭಾವ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಾರೆ. ಬೋಟುಗಳು ಕಡಲಿಗೆ ಇಳಿಯುವ ಮುಂಚೆ ಹೊಟ್ಟೆ ತುಂಬ ಐಸ್ ತುಂಬಿಕೊಳ್ಳಬೇಕು. ನೀರನ್ನು ಗಟ್ಟಿ ಮಾಡಿ ಆ ಐಸ್ ಕೊಡುವ ಯಂತ್ರಗಳಿಗೆ ಭಾವನೇ ಕಾವಲು. ಆ ಕೋಣೆಗೆ ಕಾಲಿಟ್ಟರೆ ನೆಲ ನಡುಗುತ್ತದೆ, ಪಕ್ಕದಲ್ಲಿ ನಿಂತು ಬೈದರೂ ಬೈಸಿಕೊಂಡವನು ನಕ್ಕು ತಲೆಯಾಡಿಸುತ್ತಾನೆ. ಮೀಸೆ ಮೂಡುವ ಕಾಲಕ್ಕೆ ಅಲ್ಲಿ ಸೇರಿದ ಭಾವ ಆ ಸದ್ದಿನ ಮೇಲೆ ತಮ್ಮ ಗಂಟಲು ಏರಿಸಿ ಏರಿಸಿ, ಬಂದರಿನಲ್ಲೆಲ್ಲ ಮೈಕಣ್ಣ ಎಂದೇ ಹೆಸರಾದರು. ಅಕ್ಕನಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ದುಡಿಯಲು ಹೋಗುವ ತಾಯಂದಿರು ಬಿಟ್ಟುಹೋದ ಕೂಸುಗಳನ್ನು ಶಿಶುವಿಹಾರದಲ್ಲಿ ಮಧ್ಯಾಹ್ನ ಮಲಗಿಸುತ್ತಾಳೆ. ಅವಳ ಬಾಯಿ ಭಾವನಿಗಿಂತ ಒಂದು ಮೆಟ್ಟಿಲು ಮೇಲೆಯೇ. ಆ ಬಾಯಿಟ್ಟುಕೊಂಡು ಕೂಸುಗಳನ್ನು ಹೇಗೆ ಮಲಗಿಸುತ್ತಾಳೋ, ಹೆದರಿಸಿ ಮಲಗಿಸುತ್ತಾಳೇನೋ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ.

ಕಡಲ ಪಕ್ಕ ಬಾಡಿಗೆಗಿರುವುದೆಂದರೆ ಮನೆಯ ಜೊತೆ ದಿನಾ ಗುದ್ದಾಡುವುದು. ಗೋಡೆ ಬೆವರುತ್ತದೆ. ಹೊಸ ಬೀಗ ವರ್ಷ ತುಂಬುವುದರೊಳಗೆ ತುಕ್ಕು ತಿಂದು ಬೀಗದಕೈಯನ್ನೇ ನುಂಗುತ್ತದೆ. ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಸೊರಗಿ ಚಿಲಕಕ್ಕೆ ಸಿಗುವುದಿಲ್ಲ. ಇಷ್ಟರ ಮೇಲೆ ಮಾಲೀಕರ ಕಾಟ: ಮೊಳೆ ಹೊಡೀಬೇಡಿ, ನೆಂಟರನ್ನ ಕರೀಬೇಡಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬೇಡಿ. ಅಕ್ಕ ಭಾವ ಇದಕ್ಕೆಲ್ಲ ಹೂಂ ಅಂದವರೇ. ಆದರೂ ಒಂದು ವರ್ಷ ಕಳೆಯುತ್ತಲೇ ಮಾಲೀಕರು ಬಂದು ತಲೆ ಕೆರೆದುಕೊಳ್ಳುತ್ತಾ ನಿಲ್ಲುತ್ತಿದ್ದರು. ಒಬ್ಬರಿಗೆ ದೂರದ ಮಗ ವಾಪಸು ಬರುವವನಿದ್ದ, ಇನ್ನೊಬ್ಬರಿಗೆ ಮನೆ ಮಾರಬೇಕಿತ್ತು, ಮತ್ತೊಬ್ಬರಿಗೆ ರಿಪೇರಿ. ಇವರು ಗಂಟುಮೂಟೆ ಕಟ್ಟಿದ ಮೇಲೆ ನೋಡಿದರೆ ಮಗನೂ ಇಲ್ಲ, ರಿಪೇರಿಯೂ ಇಲ್ಲ, ಬೇರೆ ಬಾಡಿಗೆಯವರು ಬಂದು ಬಟ್ಟೆ ಒಣಗಿಸುತ್ತಿರುತ್ತಿದ್ದರು.

ಹೀಗೆ ಅಲೆದು ಅಲೆದು ಕೊನೆಗೆ ಸಿಕ್ಕಿದ್ದು ಸಿಸ್ಟರಮ್ಮನ ಮಹಡಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಒಂಟಿ ಹೆಂಗಸು, ಕೆಳಗೆ ತಾವು, ಮೇಲೆ ಬಾಡಿಗೆಯವರು. ಎರಡು ಕೋಣೆ, ಒಂದು ಅಡುಗೆಮನೆ, ಕಡಲ ಕಡೆಗೆ ತೆರೆಯುವ ಕಿಟಕಿ. ಶಿಶುವಿಹಾರ ಬೀದಿಯ ತಿರುವಿನಲ್ಲೇ, ಫ್ಯಾಕ್ಟರಿಗೆ ನಡೆದೇ ಹೋಗಬಹುದು. ಅಕ್ಕ ಮೊದಲ ಸಲ ಕಿಟಕಿಗೆ ಅಳತೆ ಕೊಟ್ಟು ಪರದೆ ಹೊಲಿಸಿದಳು. ಬಾಡಿಗೆ ಮನೆಯ ಕಿಟಕಿಗೆ ಯಾರಾದರೂ ಅಳತೆ ಕೊಟ್ಟು ಹೊಲಿಸುತ್ತಾರೆಯೇ? ಅವಳು ಅಷ್ಟು ನಂಬಿಬಿಟ್ಟಿದ್ದಳು.

ಅಂಥ ಮನೆಯಿಂದಲೇ ಫೋನು ಬಂತು. "ಗಾಡಿ ಖಾಲಿ ಇದೆಯೇನೋ? ಸಿಸ್ಟರಮ್ಮ ತಿಂಗಳ ಕೊನೆಗೆ ಬಿಡಿ ಅಂದ್ರು. ಏನೋ ರಿಪೇರಿಯಂತೆ." ಆಮೇಲೆ "ಇನ್ನೊಂದು ಮನೆ ಹುಡುಕೋ ತಾಕತ್ತು ನನಗಿಲ್ಲ ಕಣೋ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ನೇರ ಸಿಸ್ಟರಮ್ಮನ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿದೆ.

"ಏನು ರಿಪೇರಿ ಸಿಸ್ಟರಮ್ಮ? ನನಗೂ ಒಂದಿಷ್ಟು ತೋರಿಸಿ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಕರೆದು, ಬಾಗಿಲು ಹಾಕಿದರು. "ನೀನು ಅವಳ ತಮ್ಮ ಅಲ್ವೇನಪ್ಪ? ನಿನ್ನನ್ನೇ ಕೇಳ್ತೀನಿ. ನಿಮ್ಮ ಭಾವ ಅವಳ ಮೇಲೆ ಕೈ ಮಾಡ್ತಾನಾ?"

"ಯಾರು? ನಮ್ಮ ಭಾವನಾ?"

"ಸಂಜೆ ಆದ್ರೆ ಸಾಕು, ಮೇಲೆ ಅರಚಾಟ. ಏನು ಅಂತ ಗೊತ್ತಾಗಲ್ಲ, ಅರಚೋದು ಮಾತ್ರ ಕೇಳತ್ತೆ. ಅವನು ಒಂದು ಅಂದ್ರೆ ಅವಳು ಎರಡು. ಬೆಳಗ್ಗೆ ನೋಡಿದ್ರೆ ಆ ಹುಡುಗಿ ಏನೂ ಆಗಿಲ್ಲ ಅನ್ನೋ ಹಾಗೆ ನಗ್ತಾ ಇಳಿದು ಹೋಗ್ತಾಳೆ. ಅಂಥ ನಗು ನಾನು ವಾರ್ಡಲ್ಲಿ ತುಂಬ ನೋಡಿದ್ದೀನಪ್ಪ. ಕೇಳೋಕೂ ಆಗಲ್ಲ, ಕಣ್ಣು ಮುಚ್ಚಿ ಕೂರೋಕೂ ಆಗಲ್ಲ. ಅದಕ್ಕೇ ಬಿಡಿ ಅಂದೆ."

ಅಷ್ಟರಲ್ಲಿ ಮೇಲೆ ಶುರುವಾಯಿತು. ಮೊದಲು ಭಾವನ ಗುಡುಗು, ಹಿಂದೆಯೇ ಅಕ್ಕನ ಸಿಡಿಲು. ಸಿಸ್ಟರಮ್ಮ "ಕೇಳಿದೆಯಾ?" ಎಂಬಂತೆ ಹುಬ್ಬು ಹಾರಿಸಿದರು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಅದು ಜಗಳದಂತೆ ಕೇಳಿಸುತ್ತದೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಗಾಡಿಯ ಎಂಜಿನ್ ಮೇಲೆ ಕೂತು ಬದುಕುವವನಿಗೆ ಅದು ಮಾತೇ. ಆದರೆ ಆ ತಣ್ಣಗಿನ ಕೋಣೆಯಲ್ಲಿ ನಿಂತು ಕೇಳಿದಾಗ ನನಗೂ ಕೊಲೆ ನಡೆಯುತ್ತಿದೆ ಅನ್ನಿಸಿತು. ಬಿಟ್ಟು ಬಂದ ಮನೆಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಬಾರದ ಮಗ, ಮಾರದ ಮನೆ, ಆಗದ ರಿಪೇರಿ. ಎಲ್ಲದಕ್ಕೂ ಕಾರಣ ಇದೇ! ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತೇ?

"ಬನ್ನಿ ನನ್ನ ಜೊತೆ" ಎಂದು ಸಿಸ್ಟರಮ್ಮನನ್ನು ಮೆಟ್ಟಿಲು ಹತ್ತಿಸಿದೆ. ಬಾಗಿಲ ಹೊರಗೆ ಇಬ್ಬರೂ ಕಳ್ಳರಂತೆ ನಿಂತೆವು.

"ಕಾಲು ನೋವು ಅಂದ್ಯಲ್ಲೇ! ಬಿಸಿನೀರು ಕಾಯಿಸ್ಲಾ?" ಭಾವ ಗರ್ಜಿಸಿದರು.

"ಬೇಡಾ! ನೀವು ಮೊದ್ಲು ಊಟ ಮಾಡೀ!"

"ನೀನೂ ಬಾ! ಒಬ್ನೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ!"

ಸಿಸ್ಟರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಾನು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡೆ. ಹೋದ ಜೀವ ಬಂದಂತಾಗಿ ಆ ಮುದುಕಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಒಳಗೆ ಹೋದ ಮೇಲೆ ಮಾತ್ರ ಅವರು ನಗಲಿಲ್ಲ. ಭಾವ ಬೆನ್ನು ತಿರುಗಿಸಿ ಊಟಕ್ಕೆಂದು ತಟ್ಟೆ ತೊಳೆಯುತ್ತಿದ್ದರು. ಸಿಸ್ಟರಮ್ಮ ಅವರ ಹಿಂದೆ ಹೋಗಿ ನಿಂತು, ಸಾಮಾನ್ಯ ಧ್ವನಿಯಲ್ಲಿ "ನಲ್ಲಿ ನಿಲ್ಲಿಸಪ್ಪ" ಅಂದರು. ಭಾವ ನಿಲ್ಲಿಸಲಿಲ್ಲ. ಇನ್ನೊಂದು ಸಲ ಅಂದರು. ಭಾವ ತಟ್ಟೆ ಉಜ್ಜುತ್ತಲೇ ಇದ್ದರು. ಸಿಸ್ಟರಮ್ಮ ಅಕ್ಕನ ಕಡೆ ತಿರುಗಿ, "ಗೊತ್ತಾ ನಿನಗೆ?" ಎಂದು ಕೇಳಿದರು.

"ಗೊತ್ತು" ಎಂದಳು ಅಕ್ಕ.

ಆ ಒಂದು ಮಾತನ್ನು ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ ನಾನು ಬೆಚ್ಚಿದೆ. ಮದುವೆಗೆ ಮುಂಚೆ ನಮ್ಮ ಮನೆಯಲ್ಲಿದ್ದ ಧ್ವನಿ ಅದು. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಕತೆ ಹೇಳುತ್ತಿದ್ದ ಧ್ವನಿ. ಅವಳ ಗಂಟಲು ಗಂಡನ ಮನೆಯಲ್ಲಿ ಹಾಳಾಯಿತೆಂದು ನಾವೆಲ್ಲ ಅಂದುಕೊಂಡಿದ್ದೆವು. ಎಲ್ಲಿಯೂ ಹಾಳಾಗಿರಲಿಲ್ಲ, ಹಾಗೇ ಒಳಗೆ ಇಟ್ಟುಕೊಂಡಿದ್ದಳು.

"ಮದುವೆ ಆದ ಹೊಸದರಲ್ಲೇ ಗೊತ್ತಾಯ್ತು. ಮೆಲ್ಲಗೆ ಹೇಳಿದ್ರೆ ಎಲ್ಲದಕ್ಕೂ ಹೂಂ ಹೂಂ ಅಂತಿದ್ರು. ಕಿವಿ ಕೇಳಲ್ಲ ಅಂತ ಹೇಳಿದ್ರೆ ಕುಗ್ಗಿಹೋಗ್ತಾರೆ, ಫ್ಯಾಕ್ಟರೀಲಿ ಗೊತ್ತಾದ್ರೆ ಕೆಲಸ ಹೋಗತ್ತೆ ಅಂತ ಭಯ. ಅದಕ್ಕೆ ನಾನೇ ಜೋರಾಗಿ ಮಾತಾಡೋದು ಕಲಿತೆ. ಅದೇ ಮನೆ ಬಿಡಿಸ್ತಾ ಇದೆ ಅಂತ ಮಾತ್ರ ದೇವರಾಣೆ ಗೊತ್ತಿರಲಿಲ್ಲ." ಭಾವ ಪಕ್ಕದಲ್ಲೇ ಇದ್ದರು, ಒಂದಕ್ಷರವೂ ಅವರಿಗೆ ಮುಟ್ಟಲಿಲ್ಲ.

ಸಿಸ್ಟರಮ್ಮ ಕಣ್ಣೊರೆಸಿಕೊಂಡು, "ಮನೆ ಬಿಡೋ ಮಾತು ನಾನು ಆಡೇ ಇಲ್ಲ ಅಂದ್ಕೋ. ನಿನಗೆ ಬೇಕಾದಷ್ಟು ವರ್ಷ ಇರು" ಎಂದರು. ಆಮೇಲೆ ಭಾವನ ಮುಂದೆ ಹೋಗಿ ನಿಂತು, ಅವರ ಮುಖ ನೋಡುತ್ತಾ, ಮೈಕಣ್ಣನೇ ನಾಚಬೇಕು ಅಂಥ ಗಂಟಲಲ್ಲಿ, "ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀಯ!" ಎಂದರು.

ಭಾವ ಮೊದಮೊದಲು ಒಪ್ಪಲೇ ಇಲ್ಲ. "ನನ್ನ ಕಿವಿಗೇನಾಗಿದೆ? ಈಗಿನ ಫ್ಯಾನುಗಳೇ ಸದ್ದು ಮಾಡಲ್ಲ!" ಎಂದು ವಾದಕ್ಕಿಳಿದರು. ಸಿಸ್ಟರಮ್ಮ ಬಿಡಬೇಕಲ್ಲ. ತಾವು ಕೆಲಸ ಮಾಡಿದ್ದ ಆಸ್ಪತ್ರೆಗೇ ಎಳೆದುಕೊಂಡು ಹೋಗಿ, ಪರೀಕ್ಷೆ ಮಾಡಿಸಿ, ಕಿವಿಗೆ ಪುಟ್ಟ ಯಂತ್ರ ಹಾಕಿಸುವವರೆಗೆ ಸುಮ್ಮನಿರಲಿಲ್ಲ. ಫ್ಯಾಕ್ಟರಿಯವರೂ ಅಕ್ಕ ಹೆದರಿದ್ದಂತೆ ಮಾಡಲಿಲ್ಲ. ಹೊರಗೆ ಬೋಟುಗಳಿಗೆ ಐಸ್ ಇಳಿಸುವ ಕಟ್ಟೆಯ ಮೇಲ್ವಿಚಾರಣೆಗೆ ಹಾಕಿದರು. ಅಲ್ಲಿ ಬಾಯಿ ದೊಡ್ಡದಿದ್ದಷ್ಟೂ ಒಳ್ಳೆಯದು. ಸಂಬಳದಲ್ಲಿ ವ್ಯತ್ಯಾಸವಿಲ್ಲವೆಂದು ಕೇಳಿದ ದಿನ ಅಕ್ಕ ಗೋಡೆಗೆ ಒರಗಿ ಕೂತು ಬಹಳ ಹೊತ್ತು ಅತ್ತಳು. ಅದು ದುಃಖದ ಅಳುವಲ್ಲ.

ಯಂತ್ರ ಹಾಕಿಸಿಕೊಂಡು ಬಂದ ಸಂಜೆ ನಾನೂ ಅಲ್ಲಿದ್ದೆ. ಭಾವ ಕೋಣೆಯ ನಡುವೆ ನಿಂತು ಚಮಚ ಕೆಳಗೆ ಬಿದ್ದರೂ ಹಾರಿ ಬೀಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಿಟಕಿಯ ಕಡೆ ಕತ್ತು ಚಾಚಿ ಹುಬ್ಬು ಗಂಟಿಕ್ಕಿದರು. ಏನೂ ಹೇಳದೆ ದಡದಡ ಮೆಟ್ಟಿಲಿಳಿದು ಸಿಸ್ಟರಮ್ಮನ ಬಾಗಿಲು ತಟ್ಟಿದರು. ನಾನೂ ಹಿಂದೆಯೇ ಓಡಿದೆ.

"ಸಿಸ್ಟರಮ್ಮ, ಯಾವುದೋ ಮೋಟಾರು ಬಿಡದೆ ಓಡ್ತಾ ಇದೆ. ಏರತ್ತೆ, ಇಳಿಯತ್ತೆ, ಮತ್ತೆ ಏರತ್ತೆ. ಬೇರಿಂಗ್ ಹೋಗಿರ್ಬೇಕು. ಎಲ್ಲಿದೆ ತೋರಿಸಿ, ಆಫ್ ಮಾಡ್ತೀನಿ."

ಸಿಸ್ಟರಮ್ಮ ಕಿವಿಗೊಟ್ಟು ಕೇಳಿದರು. ಕೇಳಿ ಭಾವನ ಮುಂಗೈ ಹಿಡಿದುಕೊಂಡರು.

"ಅದು ಸಮುದ್ರ ಕಣಪ್ಪ" ಎಂದರು.

ಭಾವ ಹಾಗೇ ನಿಂತುಬಿಟ್ಟರು. ಹುಟ್ಟಿದಾಗಿನಿಂದ ಅದೇ ದಂಡೆಯಲ್ಲಿ ಬದುಕಿದ ಮನುಷ್ಯ, ಅದರ ಸದ್ದನ್ನೇ ಮರೆತುಬಿಟ್ಟಿದ್ದರು. ಆಗ ಮಹಡಿಯಿಂದ ಅಕ್ಕ ಕೂಗದೆ, ಕೂಸು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ, "ಬನ್ನಿ, ಟೀ ಆರಿಹೋಗತ್ತೆ" ಎಂದಳು.

"ಬಂದೆ ಕಣೇ" ಎಂದು ಭಾವ ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದರು.