ಜಪಾನಿನ ರೆಕಾರ್ಡಿಗೆ ಅರಿಶಿನ ಕುಂಕುಮ

ಗೆಳೆಯರೇ, ಒಂಬತ್ತು ಸಾವಿರ ರೂಪಾಯಿಯ ರೆಕಾರ್ಡಿಗೆ ಯಾರಾದರೂ ಅರಿಶಿನ ಕುಂಕುಮ ಹಚ್ಚುತ್ತಾರೆಯೇ? ನಮ್ಮಮ್ಮ ಹಚ್ಚಿದ್ದಾರೆ. ಕವರಿಗಲ್ಲ, ಹಾಡು ಇರುವ ತಟ್ಟೆಗೇ, ಮೂರು ಕಡೆ, ನೀರಿನಲ್ಲಿ ಕಲಸಿ!

ಜಪಾನಿನಲ್ಲಿ ತಯಾರಾದ ಹಳೆಯ ಎಲ್‌ಪಿ ಅದು. ಅಲ್ಲಿಯ ರೆಕಾರ್ಡುಗಳಲ್ಲಿ ಚೂರೂ ಕರಕರ ಇರುವುದಿಲ್ಲ. ಹಾಡು ನಿಂತ ಕಡೆ ಅಪ್ಪಟ ನಿಶ್ಶಬ್ದ. ಅದಕ್ಕೇ ಆ ಬೆಲೆ. ನಮ್ಮೂರು ಮಾಲೂರಿನ ಇಟ್ಟಿಗೆಗೂಡುಗಳ ಧೂಳು ಸೋಕದಿರಲೆಂದು ಗಾಜಿನ ಬಾಗಿಲಿನ ಬೀರುವನ್ನೂ ಮಾಡಿಸಿದ್ದೆ. ಇಂದು ಬೆಳಿಗ್ಗೆ ಪಾರ್ಸೆಲ್ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ಅದನ್ನು ಬಿಚ್ಚಿ ದೇವರ ಮುಂದೆ ಇಟ್ಟಾಗಿತ್ತು.

“ಏನಮ್ಮಾ ಇದು! ಒಂಬತ್ತು ಸಾವಿರ ಕೊಟ್ಟಿದ್ದೀನಿ!” ಎಂದು ಕೂಗಾಡಿದೆ.

“ಮಿಕ್ಸಿ ತಂದಾಗ ಹಚ್ಚಿದ್ದೆ, ನಿನ್ನ ಬೈಕಿಗೂ ಹಚ್ಚಿದ್ದೆ. ಅವಾಗ ಸುಮ್ನಿದ್ದೆ. ಇಷ್ಟು ದುಡ್ಡು ಸುರಿದಿರೋದನ್ನ ಹಂಗೇ ಬಿಡಕ್ಕಾಗ್ತದಾ? ದೃಷ್ಟಿ ಆಗಲ್ವೇನೋ?” ಎಂದು ನನ್ನನ್ನೇ ಗದರಿದರು.

ಒದ್ದೆ ಬಟ್ಟೆಯಿಂದ ಒರೆಸಿದೆ. ಗೆರೆಗಳೊಳಗೆ ಇಳಿದ ಕುಂಕುಮ ಹೊರಗೆ ಬರಲಿಲ್ಲ. ಪ್ಲೇಯರಿಗೆ ಹಾಕಿ ಮುಳ್ಳಿಟ್ಟರೆ ಪ್ರತಿ ಸುತ್ತಿಗೂ ಟಕ್, ಟಕ್, ಟಕ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಅವರೆಕಾಯಿ ಬಿಡಿಸುತ್ತಾ ತಲೆದೂಗಿದರು: “ತಾಳ ಚೆನ್ನಾಗಿ ಕೂತಿದೆ ಕಣೋ.”

ಈ ರೆಕಾರ್ಡು ಅಷ್ಟು ಬೆಲೆ ಬಾಳುತ್ತದೆಯೇ ಎಂದು ಯಾರೂ ಕೇಳಬೇಡಿ. ನಿಶ್ಶಬ್ದಕ್ಕೆ ನಾನು ಒಂಬತ್ತು ಸಾವಿರ ಕೊಟ್ಟೆ. ತಾಳವನ್ನು ಅಮ್ಮ ಪುಕ್ಕಟೆ ಹಾಕಿಕೊಟ್ಟಿದ್ದಾರೆ.