ಅಳತೆ ತಪ್ಪದ ಮಾಸ್ಟರ್

ಅವರ ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಕೆಗೆ ತಕ್ಕಂತೆ ಹೊರಕ್ಕೆ ಬಾಗಿತ್ತು. ಜೀನ್ಸ್ ಬಟ್ಟೆಯ ನೀಲಿ ಉಗುರುಸಂದಿಯಲ್ಲಿ ಕೂತುಬಿಟ್ಟಿತ್ತು. ಮಗಳ ಮದುವೆಯ ದಿನವೂ ಆ ನೀಲಿ ಹೋಗಿರಲಿಲ್ಲ. ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮಾಸ್ಟರ್. ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಅವರ ಕೈಕೆಳಗೆ ಕಲಿತವಳು. ಬಟ್ಟೆಯ ಹೊಸ ಥಾನು ಬಂದರೆ ಮೊದಲು ಒಂದು ಮೊಳ ಕತ್ತರಿಸಿ, ತಾವೇ ತೊಳೆದು ಒಣಗಿಸಿ, ಎಷ್ಟು ಕುಗ್ಗಿತೆಂದು ಅಳೆಯುವರು. ಅಲ್ಲಿಯವರೆಗೆ ಮಾಲೀಕರೇ ಬಂದು ನಿಂತರೂ ಮುಂದಿನ ಕೆಲಸವಿಲ್ಲ.

"ಹೊಸಾ ಅರಬಿನೂ ಹೊಸಾ ಅಳಿಯನೂ ಒಂದವ್ವ. ನೀರಿಗಿಳಿಸಿದ ಮ್ಯಾಲೇ ಗೊತ್ತಾಗೋದು" ಎನ್ನುವರು.

ಬಟ್ಟೆ ಪೋಲಾಗದಂತೆ ಪ್ಯಾಂಟಿನ ತುಂಡುಗಳನ್ನು ಜೋಡಿಸಿ ನಕ್ಷೆ ಹಾಕುವ ಕಂಪ್ಯೂಟರ್ ಬಂದಾಗ ಮಾಸ್ಟರ್ ಸಿಡುಕುತ್ತಾರೆಂದೇ ಎಲ್ಲರೂ ಕಾದಿದ್ದರು. ಅವರು ಅದರ ಜೊತೆ ಪಂದ್ಯಕ್ಕೇ ಇಳಿದರು. ಸೋತರು. "ನನಗಿಂತ ಶಾಣ್ಯಾ ಐತಿ. ನೀ ಕಲಿಯವ್ವ" ಎಂದು ನನ್ನನ್ನು ಅದರ ಮುಂದೆ ಕೂರಿಸಿದರು.

ಕುರುಗೋಡಿಗೆ ಫೈಬರ್ ಇಂಟರ್‌ನೆಟ್ ಬಂದಮೇಲೆ ಮಾಲೀಕರ ಹತ್ತಿರ ಜಗಳವಾಡಿದ್ದೂ ಅವರೇ. "ದಿನಾ ಬಸ್ಸಿನ್ಯಾಗ ಮೈ ಹಣ್ಣ ಮಾಡ್ಕೊಂಡು ಯಾಕ ಬರಬೇಕ್ರಿ? ಊರಾಗ ಕುಂತು ನಕ್ಷೆ ಕಳಸ್ತಾಳ." ಮಾಲೀಕರು ಒಂದೇ ಆರ್ಡರಿನ ಅವಕಾಶ ಕೊಟ್ಟರು. ಅದು ಕೆಟ್ಟರೆ ನಾನು ಮತ್ತೆ ಬಳ್ಳಾರಿಗೆ ಓಡಾಡಬೇಕು. ನಮ್ಮ ಓಣಿಯಲ್ಲಿ ನನ್ನಿಂದ ಕಲಿಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಕೆಲಸದ ಆಸೆಯೂ ಅಲ್ಲಿಗೆ ಮುಗಿದಂತೆ.

ಆ ಆರ್ಡರಿನಲ್ಲೇ ನಾನು ಎಡವಿದೆ. ಹೊಸ ಥಾನು ಎಷ್ಟು ಕುಗ್ಗುತ್ತದೆಂದು ಮಾಸ್ಟರ್ ಫೋನಿನಲ್ಲಿ ಹೇಳಿ ಬರೆಸಿದ್ದರೂ, ಹಿಂದಿನ ಥಾನಿನ ಅಳತೆಯನ್ನೇ ಹಾಕಿ ಕಳಿಸಿದೆ. ಅಲ್ಲಿ ನಕ್ಷೆ ಅಚ್ಚಾಗಿ ಬಂದೊಡನೆ ಮಾಸ್ಟರ್ ಟೇಪು ಹಿಡಿದು ನೋಡಿ ಫೋನ್ ಮಾಡಿದರು. "ತೊಳದ ಮ್ಯಾಲೆ ಈ ಪ್ಯಾಂಟು ಯಾರಿಗೂ ಏರಂಗಿಲ್ಲವ್ವ. ಅಳಬ್ಯಾಡ, ತಿದ್ದಿ ಕಳಸು." ಹತ್ತು ನಿಮಿಷದಲ್ಲಿ ಹೊಸ ನಕ್ಷೆ ಬಳ್ಳಾರಿ ಸೇರಿತ್ತು. ಪಕ್ಕದಲ್ಲಿದ್ದ ಮಾಲೀಕರಿಗೆ ಮಾಸ್ಟರ್ ಹೇಳಿದ್ದು, ಇನ್ನೂ ಇಡದಿದ್ದ ಫೋನಿನಲ್ಲಿ ನನಗೂ ಕೇಳಿಸಿತು: "ಅಳತಿ ತಪ್ಪ ಬರೆಸಿದಾಂವ ನಾನ್ರಿ."

ಇವತ್ತು ಕುರುಗೋಡಿನಲ್ಲಿ ನಾವು ಒಂಬತ್ತು ಹೆಣ್ಣುಮಕ್ಕಳು ಇದೇ ಕೆಲಸದಲ್ಲಿದ್ದೇವೆ. ಬಳ್ಳಾರಿಯ ನಾಲ್ಕು ಕಾರ್ಖಾನೆಗಳು ನಮ್ಮ ನಕ್ಷೆಗೆ ಕಾಯುತ್ತವೆ. ಸಿರುಗುಪ್ಪದಲ್ಲೂ ಇಬ್ಬರು ಶುರುಮಾಡಿದ್ದಾರೆ. ದುಡಿದ ದುಡ್ಡು ಊರ ಅಂಗಡಿಗಳಲ್ಲೇ ಓಡಾಡುತ್ತದೆ. ನನಗೆ ಹೆಮ್ಮೆಯಿದೆ, ಮುಚ್ಚಿಡುವುದೇಕೆ?

ಹೋದ ವರ್ಷ ಮಾಸ್ಟರ್ ತೀರಿಕೊಂಡರು. ಮಣ್ಣು ಮಾಡಿ ಬಂದು ನಿಂತಿದ್ದ ಮಾಲೀಕರಿಗೆ, ತಡೆಯಲಾರದೆ ಹೇಳಿಬಿಟ್ಟೆ: "ಮೊದಲನೇ ಆರ್ಡರಿನ್ಯಾಗ ತಪ್ಪು ನಂದಿತ್ರಿ."

"ಗೊತ್ತೈತವ್ವ," ಎಂದರು ಅವರು. "ಮಾಸ್ಟರ್ ಯಾವತ್ತರ ಅಳತಿ ತಪ್ಪಿದ್ದುಂಟೇನು? ಅಂಥಾ ಮನುಷ್ಯಾ ನಿನ್ನ ಸಲುವಾಗಿ ಸುಳ್ಳು ಹೇಳಿದ ಅಂದಮ್ಯಾಲೆ, ನಿನ್ನ ಕೈ ಬಿಡಬಾರ್ದು ಅನಿಸ್ತು."