ಚಹಾ ಬೇಡವೆಂದ ಕ್ರಾಂತಿಕಾರಿ

ಮೀಸೆ ನನಗೆ ಚೆನ್ನಾಗಿ ಒಪ್ಪುತ್ತದೆ. ಇದನ್ನು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಯಾರೂ ಹೇಳಲಿಲ್ಲ. ಗಂಡ ನನ್ನ ಮುಖ ನೋಡಿ ಒಂದು ಸಲ ನಕ್ಕು, ಕಾರನ್ನು ಹೊರಗೆ ತೆಗೆದು ಗ್ಯಾರೇಜು ಖಾಲಿ ಮಾಡಿಕೊಟ್ಟರು. ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನಮ್ಮ ಹೆಂಗಸರ ನಾಟಕ ತಂಡಕ್ಕೆ ಅದೇ ರಂಗಮಂದಿರ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಲ್ಲಿ ಸೇರುತ್ತಿದ್ದೆವು.

ನಾಟಕ ಬರೆದವರು ನನ್ನ ಅತ್ತೆ. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಈಗ ನಮ್ಮ ಜೊತೆಗಿದ್ದಾರೆ. ಒಮ್ಮೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿಗೆ ಹೋದಾಗ ಅಲ್ಲಿನ ಪಾರ್ಕಿನಲ್ಲಿ ಚೀನಾದ ಕ್ರಾಂತಿ ನಾಯಕನ ಪ್ರತಿಮೆ ನೋಡಿ ನಿಂತುಬಿಟ್ಟರು. ಮನೆಗೆ ಬಂದವರೇ ಬರೆಯಲು ಕೂತರು. ಚಕ್ರವರ್ತಿಯ ವಿರುದ್ಧ ಎಬ್ಬಿಸಿದ ಮೊದಲ ದಂಗೆ ನೆಲಕಚ್ಚಿ, ತಲೆಗೆ ಬೆಲೆ ಕಟ್ಟಿಸಿಕೊಂಡು, ಡಾಕ್ಟರಿಕೆ ಓದಿದ ಆ ಮನುಷ್ಯ ಜಪಾನಿಗೆ ಓಡುತ್ತಾನೆ. ಅಲ್ಲಿ, ಆಗಿನ ಚೀನಾದ ಗಂಡಸರು ಬಿಡಲೇಬೇಕಿದ್ದ ಜಡೆ ಕತ್ತರಿಸಿ, ಮೀಸೆ ಬಿಟ್ಟು, ಕೋಟು ತೊಟ್ಟು, ಜಪಾನೀಯರ ಬಾಗಿಲು ತಟ್ಟಿ ತನ್ನ ಕ್ರಾಂತಿಗೆ ಬೆಂಬಲ ಕೇಳುತ್ತಾನೆ. ಅತ್ತೆಯ ನಾಟಕದಲ್ಲಿ ಇದ್ದದ್ದು ಒಂದೇ ಕೋಣೆ, ಒಬ್ಬ ಕೇಳುವವನು, ಒಬ್ಬ ಕೊಡುವವನು.

ಕೇಳುವವನು ನಾನು. ಕೊಡುವ ಜಪಾನಿ ಯಜಮಾನ ಮೈಸೂರಿನ ಗೆಳತಿ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಹಿಂದೆ ಸನ್ನಿವೇಲ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೈಕೆಳಗೇ ಕೆಲಸ ಕಲಿತವಳು, ಈಗ ಬೇರೊಂದು ಕಂಪನಿಯಲ್ಲಿ ದೊಡ್ಡ ಟೀಮು ನಡೆಸುತ್ತಾಳೆ. ನನ್ನನ್ನು ಆ ಚಳಿಗಾಲದಲ್ಲಿ ಕೆಲಸದಿಂದ ತೆಗೆದಿದ್ದರು. ನನಗೆ ಕೆಲಸ ಬೇಕಿತ್ತು, ಸಂಬಳಕ್ಕಷ್ಟೇ ಅಲ್ಲ. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ, ಬಿಡಿಸಲು ಒಂದು ಕಗ್ಗಂಟು ಇಲ್ಲದೆ ನಾನು ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದೆ.

ಮೊದಲ ರಿಹರ್ಸಲಿನಲ್ಲೇ ಎಡವಟ್ಟಾಯಿತು. ಯಜಮಾನ ಚಹಾ ಬಗ್ಗಿಸಿ ಮುಂದಿಟ್ಟು "ತೆಗೆದುಕೊಳ್ಳಿ" ಅನ್ನಬೇಕು, ನಾನು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದು ಮಾತು ಶುರು ಮಾಡಬೇಕು. ಗೆಳತಿ ಬಟ್ಟಲು ಚಾಚಿದ್ದೇ ತಡ, ನನ್ನ ಬಾಯಿಂದ ತಾನಾಗಿ ಬಂತು: "ಅಯ್ಯೋ ಬೇಡ ಬೇಡ, ಈಗಷ್ಟೇ ಕುಡ್ಕೊಂಡು ಬಂದೆ."

ಗ್ಯಾರೇಜಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ತಲಿ ಉಳಿಸ್ಕೊಂಡು ಸಮುದ್ರ ದಾಟಿ ಬಂದಾನ. ಅಂವಾ ಎಲ್ಲೆ ಕುಡದು ಬಂದಾನವಾ ಚಾ?"

ಎರಡನೇ ಸಲ ಬಟ್ಟಲು ತೆಗೆದುಕೊಂಡೆ. ಆದರೆ "ನಿಮಗೆ ಏನು ಬೇಕು?" ಎಂದು ಯಜಮಾನ ಕೇಳಿದಾಗ ಕುತ್ತಿಗೆ ಬಗ್ಗಿತು, ಕೈ ಮುಗಿಯಿತು, ಬರೆಯದೇ ಇದ್ದ ಮಾತು ಸೇರಿಕೊಂಡಿತು: "ನಿಮಗೆ ತೊಂದ್ರೆ ಆಗಲ್ಲ ಅಂದ್ರೆ..." ಅತ್ತೆ ಹಾಳೆಗಳನ್ನು ಮಡಚಿಟ್ಟು ಅಂದಿನ ರಿಹರ್ಸಲು ಮುಗಿಯಿತೆಂದರು.

ಎಲ್ಲರೂ ಹೊರಟ ಮೇಲೆ ಗೆಳತಿ ಕುರ್ಚಿಗಳನ್ನು ಮಡಚುತ್ತಾ ಕೇಳಿದಳು. "ಅಕ್ಕಾ, ನಮ್ ಟೀಮಲ್ಲಿ ಒಂದ್ ಓಪನಿಂಗ್ ಇದೆ. ನಿಮ್ ಹೆಸ್ರು ಕೊಡ್ಲಾ?"

"ಬೇಡ ಕಣೇ, ನಿನಗ್ಯಾಕೆ ತೊಂದ್ರೆ. ಎರಡು ಮೂರು ಕಡೆ ಮಾತಾಡ್ತಿದೀನಿ."

ಯಾವ ಕಡೆಯೂ ಮಾತಾಡುತ್ತಿರಲಿಲ್ಲ. ನಮ್ಮಲ್ಲಿ ಮೊದಲ ಸಲದ ಬೇಡ ಅಂದರೆ ಬೇಡ ಎಂದಲ್ಲ, ಇನ್ನೊಮ್ಮೆ ಕೇಳಿ ಎಂದು. ಎರಡನೇ ಸಲಕ್ಕೆ ಸ್ವಲ್ಪ ಮೆತ್ತಗಾಗಿ ಮೂರನೇ ಸಲಕ್ಕೆ ಒಪ್ಪಿಕೊಳ್ಳುವುದು ಪದ್ಧತಿ. ಇವಳಿಗೆ ಇಷ್ಟು ವರ್ಷದ ಅಮೆರಿಕದ ಆಫೀಸು ತಲೆಗೆ ಹತ್ತಿತ್ತು. "ಸರಿ ಅಕ್ಕಾ" ಎಂದು ಕುರ್ಚಿ ಗೋಡೆಗೆ ಒರಗಿಸಿ ಹೊರಟೇ ಹೋದಳು. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು, ಬೇಡವೆಂದವಳು ನಾನೇ ಆಗಿದ್ದರೂ.

ಮರುದಿನ ಅತ್ತೆಯ ಜೊತೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದೆ.

"ಅಲ್ಲ ಅತ್ತೆ, ಹಂಗೆ ಪರದೇಶದವರ ಮನೇಲಿ ಕೂತು ಕೇಳೋಕೆ ಅವನಿಗೆ ನಾಚಿಕೆ ಆಗ್ಲಿಲ್ವಾ?"

"ಯಾಕ ನಾಚಿಕಿ? ತಾನು ಏನು ಮಾಡಬಲ್ಲೆ ಅಂತ ಅವಗ ಗೊತ್ತಿತ್ತು. ಅಂವಾ ಬೇಡಾಕ ಹೋಗಿದ್ದಿಲ್ಲ. ನಾ ಇಂಥಾ ಕೆಲಸಕ್ಕ ಹೊಂಟೀನಿ, ಬರ್ತೀರೇನು ಅಂತ ಕರಿಯಾಕ ಹೋಗಿದ್ದ."

"ಆಮೇಲೆ ಅದೇ ಜಪಾನು ಚೀನಾದ ಮೇಲೆ ಬಿತ್ತಲ್ಲ. ಯಾರ ಹತ್ರ ಕೇಳ್ತೀವಿ ಅಂತ ನೋಡ್ಬೇಕಲ್ವಾ? ನಾಳೆ ತಲೆ ಮೇಲೇ ಕೂತ್ರೆ?"

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀ ಈಗ ಯಾರ ಮಾತು ಆಡಾಕತ್ತೀ? ಅವಂದೋ, ನಿಂದೋ?"

ನಾನು ಇನ್ನೊಂದು ಹುರುಳಿಕಾಯಿಯ ನಾರು ತೆಗೆದೆ. ಆದರೆ ಮುಂದಿನ ಭಾನುವಾರದಿಂದ ಬೆನ್ನು ನೆಟ್ಟಗೆ ಮಾಡಿ ಕೂತೆ. ಅಭ್ಯಾಸ ಮಾಡಿದರೆ ಬಾರದ್ದೇನಿದೆ, ಹದಿನೈದನೇ ವಯಸ್ಸಿನಲ್ಲಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಕೂಟರು ಕಲಿತವಳು ನಾನು. ಬಟ್ಟಲು ಬಂದರೆ ತೆಗೆದುಕೊಳ್ಳುವುದು, ಕುಡಿಯುವುದು, ಎದುರಿದ್ದವಳ ಕಣ್ಣು ನೋಡಿ ಬೇಕಾದ್ದನ್ನು ಹೇಳುವುದು. ಅಡುಗೆಮನೆಯಲ್ಲಿ ಮಿಕ್ಸರಿನ ಮುಂದೆಯೂ ಕ್ರಾಂತಿಗೆ ಬೆಂಬಲ ಕೇಳಿದೆ.

ನಾಟಕದ ದಿನ ಹೈಸ್ಕೂಲಿನ ಸಭಾಂಗಣ ತುಂಬಿತ್ತು. ಯಜಮಾನ ಬಟ್ಟಲು ಚಾಚಿದ. ಚಹಾದ ಬದಲು ಆ್ಯಪಲ್ ಜ್ಯೂಸು ಇತ್ತು, ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟೆ. "ನನ್ನ ಜೊತೆ ನಿಲ್ಲಿ. ನಿಂತದ್ದಕ್ಕೆ ನೀವು ಪಶ್ಚಾತ್ತಾಪ ಪಡುವುದಿಲ್ಲ" ಎಂದೆ. ಗೆಳತಿ ತನ್ನ ಮಾತು ಹೇಳಲು ಸ್ವಲ್ಪ ತಡಮಾಡಿದಳು, ನಾನು ಕಣ್ಣು ತೆಗೆಯಲಿಲ್ಲ.

ಪರದೆ ಬಿದ್ದ ಮೇಲೆ ಮೇಕಪ್ಪಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕಿಮೋನೋದ ಪಟ್ಟಿ ಬಿಚ್ಚುತ್ತಿದ್ದಳು. ನಾನು ಮೀಸೆ ಕೀಳಲು ಕೈ ಎತ್ತಿದವಳು ಹಾಗೇ ಇಳಿಸಿದೆ.

"ಆ ಓಪನಿಂಗ್ ಇನ್ನೂ ಇದ್ಯಾ?"

"ಇದೆ ಅಕ್ಕಾ, ಈ ವಾರ ಮುಚ್ತೀವಿ. ಯಾಕೆ?"

"ನನಗೆ ಬೇಕು. ಆವತ್ತು ಎರಡು ಮೂರು ಕಡೆ ಅಂದಿದ್ದು ಸುಳ್ಳು. ನನ್ನನ್ನ ತಗೊಂಡ್ರೆ ನಿನ್ ಟೀಮಿಗೇ ಲಾಭ, ಅದು ನಿನಗೂ ಗೊತ್ತು."

ಅವಳು ಪಟ್ಟಿ ಬಿಚ್ಚುವುದನ್ನು ನಿಲ್ಲಿಸಿದಳು. "ಗೊತ್ತು. ಆದ್ರೆ ನಾನು ನಿಮ್ಮ ಮ್ಯಾನೇಜರ್ ಆಗಿರ್ತೀನಿ ಅಕ್ಕಾ. ನಾನು ಹೇಳಿದ್ದನ್ನ ನೀವು ಕೇಳ್ಬೇಕಾಗುತ್ತೆ."

"ಅತ್ತೆ ಹೇಳಿದ್ದನ್ನೇ ಕೇಳಿ ಅಭ್ಯಾಸ ಆಗಿದೆ, ನಿಂದೇನು ಮಹಾ."

ನಕ್ಕಳು. "ಇವತ್ತೇ ರೆಸ್ಯೂಮೆ ಕಳಿಸಿ. ಇಂಟರ್‌ವ್ಯೂ ಮಾತ್ರ ಎಲ್ಲರ ಥರಾನೇ, ನಾನು ಅದರಲ್ಲಿ ಕೈ ಹಾಕಲ್ಲ."

"ಹಾಕ್ಬೇಡ" ಎಂದೆ.

ಅವಳು ಚೀಲದಿಂದ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಕಾಫಿ ಬಗ್ಗಿಸಿದಳು. ಇದ್ದದ್ದು ಒಂದೇ ಮುಚ್ಚಳದಷ್ಟು. "ಕುಡೀತೀರಾ ಅಕ್ಕಾ?"

ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು ಎರಡೂ ಕೈ ಚಾಚಿದೆ.

"ಕೊಡು. ಬೆಳಿಗ್ಗೆಯಿಂದ ಕಾಫಿ ಕುಡಿದಿಲ್ಲ."